ಬೀಗದ ಮನೆಯ ಆರು ಸಾವಿರ ಲೀಟರ್

ರಕ್ಕಸಕೊಪ್ಪದ ಜಲಾಶಯದಿಂದ ಹೊರಟ ಒಂದೇ ಒಂದು ಹನಿ ನೀರು ಬೆಳಗಾವಿಯ ಯಾವ ಮನೆಯ ಚಹಾದಲ್ಲಿ ಕುದಿಯಿತು, ಯಾವ ಮನೆಯ ತುಳಸಿಯ ಬುಡಕ್ಕೆ ಬಿತ್ತು ಎಂಬುದನ್ನು ನಾನು ಮೀಟರಿನ ಗಾಜಿಗೆ ಕಿವಿ ಹಚ್ಚಿ ಹೇಳಬಲ್ಲೆ. ಒಂದು ಸಲ ಹೇಳಿಯೂ ಇದ್ದೇನೆ. ಆ ಹನಿ ಒಪ್ಪಿಕೊಂಡಿತು.

ಶನಿವಾರ ಬೆಳಿಗ್ಗೆ ಸದಾಶಿವನಗರದಲ್ಲಿ, ಅಕ್ಕಿ ವ್ಯಾಪಾರಿ ದುಂಡಪ್ಪನವರ ಮನೆಯ ಗೇಟಿನೊಳಗೆ ನಿಂತು ಇದನ್ನೇ ನಾನು ಸಬ್‌ಇನ್‌ಸ್ಪೆಕ್ಟರ್ ದಾನೇಶ್ವರಿಯವರಿಗೆ ವಿವರಿಸುತ್ತಿದ್ದೆ. ಅವರು ಮೀಟರಿನ ಗುಂಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಗಾಜಿನ ಮೇಲಿನ ಮಣ್ಣನ್ನು ಕರವಸ್ತ್ರದಿಂದ ಒರೆಸುತ್ತಿದ್ದರು.

“ಹನಿ ಸುದ್ದಿ ಆಮ್ಯಾಲ ಹೇಳ್ರಿ ಗುರುಪುತ್ರಪ್ಪ ಕಾಕಾ,” ಎಂದರು. “ಮೀಟರ್ ಏನ್ ಹೇಳತೈತಿ, ಅಷ್ಟ ಹೇಳ್ರಿ.”

ದುಂಡಪ್ಪನವರು ಕಾಣೆಯಾಗಿ ಅಂದಿಗೆ ಹನ್ನೊಂದು ದಿನ. ಮನೆಗೆ ಬೀಗ ಹಾಕಿ ಎಲ್ಲರೂ ಖಾನಾಪುರದಲ್ಲಿ ಅವರ ಹೆಂಡತಿ ಶಿವಲಿಂಗವ್ವನ ತವರಿಗೆ ಹೋಗಿದ್ದಾಗ, ನವೆಂಬರ್ ನಾಲ್ಕರ ಬೆಳಿಗ್ಗೆ ತಾನೇ ಅಪ್ಪನನ್ನು ಬೆಳಗಾವಿಯ ರೈಲು ಹತ್ತಿಸಿದೆ ಎಂದು ಮಗ ವಿನಯ ಹೇಳಿದ್ದ. ರವಿವಾರ ಪೇಟೆಯಲ್ಲಿದ್ದ ತಮ್ಮ ಅಂಗಡಿಗೆ ಅವರು ಬರಲಿಲ್ಲ. ಮನೆಗೆ ಬಂದರೇ? ಬಂದರು ಎಂದು ಹೇಳಿದ್ದು ಈ ಜಗತ್ತಿನಲ್ಲಿ ಒಂದೇ ಒಂದು ಸಾಕ್ಷಿ. ಅದು ಆ ಗುಂಡಿಯೊಳಗೆ, ಅಂಗೈಯಗಲದ ಗಾಜಿನ ಕೆಳಗೆ ಕುಳಿತಿತ್ತು.

ನಾನು ಬಗ್ಗಲಿಲ್ಲ. ದೊಡ್ಡವರು ಮೀಟರಿಗೆ ಬಗ್ಗಬಾರದು ಎಂಬುದು ನನ್ನ ನಿಯಮ. ನಿಂತಲ್ಲಿಂದಲೇ ಪಾಠ ಮಾಡಿದೆ.

ಕಪ್ಪು ಅಂಕಿಗಳನ್ನು ಎಡದಿಂದ ಬಲಕ್ಕೆ ಓದಬೇಕು. ಕಪ್ಪು ಅಂಕಿ ಒಂದು ಮನೆ ಸರಿದರೆ ಒಂದು ಸಾವಿರ ಲೀಟರ್ ಹೋಯಿತು ಎಂದರ್ಥ. ಕೆಂಪು ಅಂಕಿ, ಕೆಂಪು ಮುಳ್ಳುಗಳು ಅದರ ಚಿಲ್ಲರೆ: ನೂರು, ಹತ್ತು, ಒಂದು ಲೀಟರಿನ ಲೆಕ್ಕ. ಬಿಲ್ಲಿಗೆ ಕಪ್ಪು ಸಾಕು. ಕಳ್ಳನನ್ನು ಹಿಡಿಯಲು ಕೆಂಪೂ ಬೇಕು. ಒಂದೇ ಸಲ ಓದಿದ ಅಂಕಿಗೆ ಏನೂ ಬೆಲೆಯಿಲ್ಲ. ದಾರಿಯ ಮೈಲಿಗಲ್ಲು ಇದ್ದ ಹಾಗೆ ಅದು. ಎಲ್ಲಿಂದ ಹೊರಟೆವು ಎಂದು ಗೊತ್ತಿದ್ದರೆ ಮಾತ್ರ ಎಷ್ಟು ಬಂದೆವು ಎಂದು ತಿಳಿಯುತ್ತದೆ. ಇವತ್ತಿನದರಲ್ಲಿ ಹಿಂದಿನದನ್ನು ಕಳೆಯಬೇಕು.

“ಹಿಂದಿಂದು?” ಎಂದರು ದಾನೇಶ್ವರಿ.

ಪುಸ್ತಕ ತೆರೆದೆ. ನವೆಂಬರ್ ಮೂರು, ಸೋಮವಾರ: ನಾಲ್ಕು ನೂರಾ ಹದಿನೆಂಟು. ನನ್ನ ಕೈಬರಹ ಮುತ್ತಿನಂತಿದೆ. ಒಮ್ಮೆ ಒಬ್ಬ ಜಿಲ್ಲಾಧಿಕಾರಿ ನನ್ನ ಒಂಬತ್ತನ್ನು ನೋಡಿ ಕಣ್ಣೀರಿಟ್ಟಿದ್ದರು. ನಿನ್ನೆ, ಹದಿನಾಲ್ಕನೆಯ ತಾರೀಖು ಪೊಲೀಸರ ಎದುರಿನಲ್ಲಿ ಮುಚ್ಚಳ ತೆಗೆದಾಗ ಗಾಜಿನ ಕೆಳಗೆ ನಾಲ್ಕು ನೂರಾ ಇಪ್ಪತ್ನಾಲ್ಕು ಇತ್ತು. ಇಂದೂ ಅಷ್ಟೇ ಇತ್ತು.

ಬೀಗ ಹಾಕಿದ ಮನೆ. ಹನ್ನೊಂದು ದಿನ. ಆರು ಸಾವಿರ ಲೀಟರ್.

ಎಲ್ಲಾದರೂ ಸೋರುತ್ತಿರಬಹುದಲ್ಲ ಎಂದು ಅವರು ಕೇಳಿದರು. ಅದಕ್ಕೂ ಮೀಟರಿನಲ್ಲಿ ಉತ್ತರವಿದೆ. ಗಾಜಿನ ನಡುವೆ ನಕ್ಷತ್ರದಂಥ ಒಂದು ಪುಟ್ಟ ಚಕ್ರ ಇರುತ್ತದೆ. ಮನೆಯ ನಲ್ಲಿಗಳನ್ನೆಲ್ಲ ಬಂದ್ ಮಾಡಿ ಆ ಚಕ್ರವನ್ನು ನೋಡುತ್ತ ಕೂಡಬೇಕು. ಅದು ಒಂದಿಷ್ಟು ಅಲುಗಿದರೂ ಎಲ್ಲೋ ಒಂದು ಕೊಳವೆ ಕಣ್ಣೀರು ಹಾಕುತ್ತಿದೆ ಎಂದರ್ಥ. ನಾವು ಎಲ್ಲ ನಲ್ಲಿ ತಿರುವಿ ಮೂರು ತಾಸು ಅದನ್ನೇ ನೋಡಿದೆವು.

ದಾನೇಶ್ವರಿಯವರ ಗಡಿಯಾರದಲ್ಲಿ ಅದು ಹತ್ತು ನಿಮಿಷವಾಗಿತ್ತಂತೆ. ಇರಲಿ. ಚಕ್ರ ಅಲುಗಲಿಲ್ಲ.

ಅಂದರೆ ಸೋರಿಕೆಯಲ್ಲ. ಅಂದರೆ ಯಾರೋ ಒಳಗಿದ್ದು ನಲ್ಲಿ ತೆರೆದಿದ್ದಾರೆ. ಒಬ್ಬ ಮನುಷ್ಯ ಮಿಂದು, ಉಂಡು, ತೊಳೆದುಕೊಂಡು ಬದುಕಿದರೂ ಹನ್ನೊಂದು ದಿನಕ್ಕೆ ಒಂದೂವರೆ ಸಾವಿರ ದಾಟುವುದು ಕಷ್ಟ. ಆರು ಸಾವಿರ ಎಂದರೆ ತೊಳೆದಿದ್ದಾರೆ. ನೆಲ, ಗೋಡೆ, ಅಂಗಳ ತೊಳೆದಿದ್ದಾರೆ. ಏನನ್ನು ತೊಳೆದರು?

ಈ ಪ್ರಶ್ನೆಯನ್ನು ನಿನ್ನೆ ನಾನೇ, ಹತ್ತು ಜನರ ಎದುರಿಗೆ ಕೇಳಿದ್ದೆ. ಸುತ್ತ ಒಂದು ಮೌನ ಬಿದ್ದಿತ್ತು. ಅಂಥ ಮೌನಕ್ಕೆ ನಾನು ಬಲು ಆಸೆಬುರುಕ.

ಆ ಮೌನ ಮುಗಿದ ಕೂಡಲೆ ವಿನಯ ಒಂದು ಹೆಸರು ಹೇಳಿದ್ದ. ಮಾಯವ್ವ. ವಾರಕ್ಕೆ ಮೂರು ದಿನ ಖಾನಾಪುರದಿಂದ ರೈಲಿನಲ್ಲಿ ಬಂದು ಮನೆಗೆಲಸ ಮಾಡುವವಳು. ಬೀಗದ ಇನ್ನೊಂದು ಕೀಲಿ ಇದ್ದದ್ದು ಅವಳ ಹತ್ತಿರ ಮಾತ್ರ. ಅಪ್ಪ ಅವಳನ್ನು ಕೆಲಸದಿಂದ ಬಿಡಿಸುವವರಿದ್ದರು ಎಂದೂ ಅವನು ಸೇರಿಸಿದ್ದ. ಸಂಜೆಯೊಳಗೆ ಅವಳನ್ನು ಠಾಣೆಗೆ ಕರೆತರಬೇಕು ಎಂದು ದಾನೇಶ್ವರಿಯವರಿಗೆ ಮೇಲಿನಿಂದ ಆದೇಶ ಬಂದಿತ್ತು.

ದಾನೇಶ್ವರಿ ಮನೆಯೊಳಗೆ ಹೋದರು. ನಾನೂ ಹೋದೆ.

ಬಚ್ಚಲಿನಲ್ಲಿ ಅವರು ಬಹಳ ಹೊತ್ತು ನಿಂತರು. ಸಾಬೂನಿನ ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. ಒಣಗಿ ಬಿರುಕು ಬಿಟ್ಟಿತ್ತು, ಬೇಸಿಗೆಯ ಹೊಲದ ಹಾಗೆ. ಬಕೆಟ್ಟಿನ ತಳದಲ್ಲಿ ಬೆರಳಾಡಿಸಿದರು. ಬೆರಳಿಗೆ ಧೂಳು ಹತ್ತಿತು. ಮೂಲೆಯಲ್ಲಿ ನೆಲ ಒರೆಸುವ ಅರಿವೆ ಒಣ ಮೀನಿನಂತೆ ಸೆಟೆದು ನಿಂತಿತ್ತು.

“ಆರ್ ಸಾವಿರ ಲೀಟರ್ ನೀರ ಹರದೈತಿ,” ಎಂದರು ತಮಗೇ ಹೇಳಿಕೊಳ್ಳುವವರಂತೆ. “ಬಕೆಟ್ಟಿಗೆ ಗೊತ್ತ ಇಲ್ಲ.”

ಬಕೆಟ್ಟು ಸುಳ್ಳು ಹೇಳಬಹುದು, ಮೀಟರ್ ಹೇಳುವುದಿಲ್ಲ ಎಂದೆ ನಾನು. ಇಪ್ಪತ್ತೆರಡು ವರ್ಷದ ನನ್ನ ನೌಕರಿಯಲ್ಲಿ ಒಂದು ಅಂಕಿಯೂ ಹೆಚ್ಚುಕಡಿಮೆಯಾಗಿಲ್ಲ ಎಂದೂ ಸೇರಿಸಿದೆ. ಆ ಮೂರನೆಯ ತಾರೀಖಿನ ಮೀಟರಿನ ಫೋಟೋ ಇದೆಯೇ ಎಂದು ಅವರು ಕೇಳಿದರು. ನನ್ನ ಕಣ್ಣೇ ಕ್ಯಾಮೆರಾ ಎಂದೆ. ಅವರು ಸಾಬೂನನ್ನು ಅದೇ ಜಾಗದಲ್ಲಿ ಇಟ್ಟರು.

ಜೀಪಿನಲ್ಲಿ ಖಾನಾಪುರದ ದಾರಿ ಹಿಡಿದೆವು. ಮಾಯವ್ವನ ಎದುರಿಗೇ ಮೀಟರಿನ ಲೆಕ್ಕ ಬಿಡಿಸಿ ಹೇಳಬೇಕು, ಅಲ್ಲಿಯೇ ನನ್ನ ಹೇಳಿಕೆಗೆ ಸಹಿಯೂ ಆಗಬೇಕು ಎಂದು ನನ್ನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿದ್ದರು.

ದೇಸೂರು ದಾಟುವ ತನಕ ದಾನೇಶ್ವರಿ ಒಂದು ಮಾತೂ ಆಡಲಿಲ್ಲ. ನಾನು ಆಡಿದೆ. ಆದರೆ ಸುಳ್ಳು ಹೇಳುವವನಿಗೂ ಕೆಲವು ಖರೇ ಮಾತುಗಳು ಗೊತ್ತಿರುತ್ತವೆ. ಅವತ್ತು ಯಾಕೋ ಅವು ಮೊದಲು ಬಂದವು.

ಮನೆಗಳನ್ನು ನಾನು ನೀರಿನಿಂದ ಓದುತ್ತೇನೆ. ತಿಂಗಳಿಗೆ ಹದಿನೆಂಟು ಸಾವಿರ ಲೀಟರ್ ಓಡುತ್ತಿದ್ದ ಮನೆ ಒಂದು ತಿಂಗಳು ಇಪ್ಪತ್ತಾರು ಓಡಿದರೆ ಒಳಗೆ ಬಾಣಂತಿ ಇದ್ದಾಳೆ. ಮೂವತ್ತು ದಾಟಿದರೆ ಮದುವೆ. ಹನ್ನೆರಡರಿಂದ ಹತ್ತಕ್ಕೆ ಇಳಿದು, ಮುಂದೆ ಎಂದೂ ಹನ್ನೆರಡಕ್ಕೆ ಏರದಿದ್ದರೆ ಬಾಗಿಲಲ್ಲಿ ನಿಂತು ಏನೂ ಕೇಳಬಾರದು. ಗೋಡೆಯ ಮೇಲೆ ಹೊಸದೊಂದು ಫೋಟೋಕ್ಕೆ ಹಾರ ಬಿದ್ದಿರುತ್ತದೆ. ಕಾಲೇಜು ರಸ್ತೆಯ ಒಬ್ಬ ಮುದುಕನ ಮೀಟರ್ ನಾಲ್ಕರಿಂದ ಏಳಕ್ಕೆ ಏರಿತ್ತು. ಸೋರಿಕೆ ಎಂದು ಬರೆಯಲು ಹೊರಟಿದ್ದೆ. ಒಳಗೆ ನೋಡಿದರೆ, ಜಗಳವಾಡಿ ಹೋಗಿದ್ದ ತಮ್ಮ ಒಂಬತ್ತು ವರ್ಷಕ್ಕೆ ತಿರುಗಿ ಬಂದು, ಇಬ್ಬರೂ ಕಟ್ಟೆಯ ಮೇಲೆ ಕೂತು ಬೆನ್ನು ತಿಕ್ಕಿಕೊಳ್ಳುತ್ತಿದ್ದರು.

ಇದಿಷ್ಟೂ ನಿಜ. ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ನಿಜ ಹೇಳಿದರೆ ಜನ ಚಹಾ ಕೊಡುವುದಿಲ್ಲ.

“ಆ ಮನಿ ಮೀಟರ್ ಓದಿದ್ರ ನಿಮಗೇನ್ ಕಾಣತೈತಿ?” ಎಂದು ದಾನೇಶ್ವರಿ ತಿರುಗಿ ಕೇಳಿದರು. “ಅಂಕಿ ಬಿಡ್ರಿ. ಮನಿ.”

ನನಗೆ ಏನೂ ಕಾಣಲಿಲ್ಲ. ಕಾಣುವುದು ಹೇಗೆ? ನಾನು ಕಿಟಕಿಯ ಹೊರಗೆ ನೋಡುತ್ತ, ರಕ್ತ ಎಂದೆ.

ಮಲಪ್ರಭೆಯ ದಂಡೆಗೆ ಹೋಗುವ ಓಣಿಯಲ್ಲಿ ಮಾಯವ್ವನ ಮನೆ. ಕುರಿ ಕಾಯುವ ಮಂದಿಯ ಹಳೆಯ ಮನೆತನ. ಈಗ ಕುರಿಗಳಿಲ್ಲ, ಗೋಡೆಗೆ ಮಡಚಿಟ್ಟ ಎರಡು ಕಂಬಳಿಗಳಿವೆ. ಅಂಗಳದಲ್ಲಿ ಐದು ಕೊಡಗಳು ಸಾಲಾಗಿ ನಿಂತಿದ್ದವು. ಪಕ್ಕದ ಮನೆಯ ಬಾಳವ್ವ ಜೀಪು ನೋಡಿ ಬಾಗಿಲಿಗೆ ಬಂದು, “ಕಾಯ್ ಝಾಲ ಗ?” ಎಂದು, ಏನಾಯಿತೆಂದು ಮರಾಠಿಯಲ್ಲಿ ಕೂಗಿ ಕೇಳಿದಳು. ಏನಿಲ್ಲ ಎಂದು ಮಾಯವ್ವ ಕನ್ನಡದಲ್ಲಿ ಉತ್ತರ ಕೊಟ್ಟಳು. ಆ ಏನಿಲ್ಲ ಓಣಿಯ ತುದಿಯ ತನಕ ಕೇಳಿಸುವಂತಿತ್ತು. ಜೀಪು ನಿಂತ ಮನೆ ಎಂಬ ಹೆಸರು ಆ ಕ್ಷಣದಿಂದಲೇ ಅಂಟಿಕೊಂಡಿತು.

ನಲವತ್ತೈದರ ಹೆಂಗಸು. ಅತ್ತು ಮುಗಿಸಿದ ಮುಖ. ಕಂಬಳಿ ಹಾಸಿದಳು, ಕುಂದರ್ರಿ ಎಂದಳು. ನಾನು ಕುರ್ಚಿಯೇ ಸಾಕು ಎಂದೆ. ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆನಲ್ಲ, ಅದನ್ನು ಅವಳು ನೋಡಿದ್ದಳು. ನೋಡಿದ್ದಾಳೆ ಎಂದು ನನಗೆ ಆಗ ಗೊತ್ತಾಗಲಿಲ್ಲ.

ಬೆಳಗಾವಿಯಲ್ಲಿ ಅವಳು ನಾಲ್ಕು ಮನೆ ಕೆಲಸ ಮಾಡುತ್ತಿದ್ದಳು. ದುಂಡಪ್ಪನವರ ಮನೆ ಬಿಟ್ಟು ಉಳಿದ ಮೂರೂ ಮನೆಯವರು ನಿನ್ನೆ ಸಂಜೆಯೇ ಫೋನು ಮಾಡಿ, ನೀನು ಸದ್ಯಕ್ಕೆ ಬರಬೇಡ ಎಂದಿದ್ದರಂತೆ. ಒಬ್ಬರು ಮಾತ್ರ, ನಿನ್ನ ತಟ್ಟೆ ಲೋಟ ಒಯ್ಯಿ ಎಂದೂ ಹೇಳಿದ್ದರಂತೆ. ಇದನ್ನು ಅವಳು ದೂರಿನಂತೆ ಹೇಳಲಿಲ್ಲ. ಇವತ್ತು ನಲ್ಲಿಗೆ ನೀರು ಬರಲಿಲ್ಲ ಎನ್ನುವ ಹಾಗೆ ಹೇಳಿದಳು.

ದಾನೇಶ್ವರಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಒಂದೇ. ಮನೆಯವರು ಇಲ್ಲದಿದ್ದಾಗ ಸೋಮವಾರ, ಗುರುವಾರ ಹೋಗಿ ತುಳಸಿಗೆ, ಗಿಡಗಳಿಗೆ ಎರಡೆರಡು ಬಕೆಟ್ ನೀರು ಹಾಕಿ ಬಂದಿದ್ದಾಳೆ. ಅಂಗಳದ ಬಕೆಟ್, ಅಂಗಳದ ನಲ್ಲಿ. ಒಳಗೆ ಕಾಲಿಟ್ಟಿಲ್ಲ. ಸಾವ್ಕಾರರನ್ನು ನೋಡಿಲ್ಲ.

“ನಾ ಏನ್ ತೊಳದೆ ಅಂತ ಎಲ್ಲಾರೂ ಕೇಳಾಕತ್ತಾರ ಬಾಯರ,” ಎಂದಳು. “ತೊಳದದ್ದು ಅವರಿಗೆ ಹೆಂಗ್ ಗೊತ್ತಾತು, ಅದನ್ನ ಯಾರೂ ಹೇಳವಲ್ರು.”

ಹೇಳುವುದಕ್ಕೆ ನಾನಿದ್ದೆ.

ಪುಸ್ತಕ ಅವಳ ಮುಂದೆ ಹಿಡಿದು, ಬೆಳಗಿನ ಪಾಠವನ್ನು ಇನ್ನೊಮ್ಮೆ, ಇನ್ನೂ ಚೆನ್ನಾಗಿ ಮಾಡಿದೆ. ಕಪ್ಪು ಅಂಕಿ, ಕೆಂಪು ಅಂಕಿ, ನಕ್ಷತ್ರದ ಚಕ್ರ, ಹಿಂದಿನದನ್ನು ಕಳೆಯುವುದು. ಅವಳು ಕಣ್ಣು ಸಣ್ಣದು ಮಾಡಿ ಕೇಳಿದಳು. ತನ್ನ ಮನೆಗೆ ಮೀಟರಿಲ್ಲ, ಮುಂಜಾನೆ ಒಂದು ತಾಸು ನೀರು ಬರುತ್ತದೆ, ಕೊಡ ಎಣಿಸುತ್ತೇವೆ ಎಂದಳು. ಸಂಜೆಗೆ ಎರಡು ಕೊಡ ಉಳಿದಿದ್ದರೆ ಮೂರು ಖರ್ಚಾದವು. ಆದರೆ ಮುಂಜಾನೆ ಐದು ತುಂಬಿದ್ದೆವು ಎಂಬುದು ಖಾತ್ರಿ ಇರಬೇಕು, ಅಲ್ಲವೇ ಎಂದು ಕೇಳಿದಳು. ಅದೇ, ಅಷ್ಟೇ, ಶಭಾಸ್ ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಇಷ್ಟು ಬೇಗ ಕಲಿತಿರಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ.

“ಹಂಗಾರ ಮುಂಜಾನಿ ಕೊಡ ಅಂದ್ರ ಈ ನಾಲ್ಕ ನೂರಾ ಹದಿನೆಂಟು,” ಎಂದು ಅವಳು ಪುಟದ ಮೇಲೆ ಬೆರಳಿಟ್ಟಳು. “ಇದನ್ನ ಯಾವತ್ತ ನೋಡಿದ್ರಿ ಮೀಟರಣ್ಣಾರ?”

ಮೂರನೆಯ ತಾರೀಖು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷ ಎಂದೆ. ನಿಮಿಷ ಸೇರಿಸಿದರೆ ಮಾತಿಗೆ ಭಾರ ಬರುತ್ತದೆ.

“ನೀವ ಮುಚ್ಚಳಾ ತಗದ್ರಿ?”

ಎಡಗೈಯ ಕಿರುಬೆರಳಿನಿಂದ ತೆಗೆದೆ ಎಂದೆ.

“ಒಳಗ ಏನಿತ್ರಿ?”

ಕೇಳುವವರು ಸಿಕ್ಕರೆ ನನ್ನ ನಾಲಿಗೆಗೆ ಕಾಲು ಬರುತ್ತದೆ. ಒಳಗೊಂದು ಕಪ್ಪೆ ಇತ್ತು ಎಂದೆ. ಬೆಲ್ಲದ ಪೆಂಟೆಯಷ್ಟು ದೊಡ್ಡದು. ಗಾಜಿನ ಮೇಲೆಯೇ ಕೂತಿತ್ತು. ಸರಿಯಪ್ಪಾ, ಸರಕಾರಿ ಕೆಲಸ ಎಂದೆ, ಸರಿದು ಕೂತಿತು. ಓದಿದೆ, ಬರೆದೆ, ಮುಚ್ಚಿದೆ.

ಮಾಯವ್ವ ಕಪ್ಪೆಯ ಕತೆ ಮುಗಿಯುವ ತನಕ ಕಾದಳು. ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ದಾನೇಶ್ವರಿಯವರ ಕಡೆ ತಿರುಗಿದಳು.

“ಬಾಯರ, ಮನಿ ಕೀಲಿ ಹಾಕೂ ಮುಂಚಿನ ದಿನ, ಶನಿವಾರ, ತುಳಸಿ ಕಟ್ಟಿ ಕಟ್ಟಾಕ ಅಂತ ಒಂದ್ ಗಾಡಿ ಕೆಂಪ ಕಲ್ಲ ತರಿಸಿದ್ರು. ಗಾಡಿಯಂವ ಗೇಟಿನ ಒಳಗ, ಮೀಟರಿನ ಮುಚ್ಚಳದ ಮ್ಯಾಲ ಸುರುವಿ ಹ್ವಾದ. ಸಾವ್ಕಾರ್ರು ಅವಂಗ ಬೈದ್ರು. ಸೋಮವಾರ ನಾ ಹೋದಾಗೂ ಹಂಗ ಬಿದ್ದಿದ್ವು. ಗುರುವಾರಾನೂ ಬಿದ್ದಿದ್ವು. ಮುಂದಿನ ಸೋಮವಾರ, ಹತ್ತನೇ ತಾರೀಖ ಗೌಂಡಿ ಮುತ್ತಪ್ಪ ಬಂದ ಮ್ಯಾಲ ಕಲ್ಲ ಸರದ್ವು.”

ಹೊರಗೆ ಬಾಳವ್ವನ ಕೋಳಿ ಒಂದು ಕೊಡಕ್ಕೆ ಕುಕ್ಕಿತು.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ದಾನೇಶ್ವರಿ ಕೇಳಿದರು. ಯಾರೂ ತನ್ನನ್ನು ಮೀಟರಿನ ವಿಷಯ ಕೇಳಿಯೇ ಇಲ್ಲ, ರಕ್ತದ ವಿಷಯ ಕೇಳಿದರು ಎಂದಳು ಮಾಯವ್ವ.

ದಾನೇಶ್ವರಿ ಅಂಗಳಕ್ಕೆ ಹೋಗಿ, ಕಟ್ಟೆ ಕಟ್ಟುವ ಗೌಂಡಿ ಮುತ್ತಪ್ಪನಿಗೆ ಫೋನು ಹಚ್ಚಿದರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. ಹೌದು, ಕಲ್ಲು ಮುಚ್ಚಳದ ಮೇಲೆಯೇ ಇದ್ದವು. ಅರ್ಧ ದಿನ ಬೇಕಾಯಿತು ಸರಿಸಲು. ಒಂದೊಂದೇ ಹೆಗಲ ಮೇಲೆ ಹೊತ್ತು ಹಾಕಿದನಂತೆ. ಕೆಳಗಿನ ಹುಲ್ಲು ಬಿಸಿಲು ಕಾಣದೆ ಹಳದಿಯಾಗಿತ್ತು. ಇಲ್ಲ, ತನಗಿಂತ ಮುಂಚೆ ಯಾರೂ ಮುಟ್ಟಿದ ಗುರುತಿರಲಿಲ್ಲ. ಗಾಡಿಯಿಂದ ಬಿದ್ದ ರಾಶಿ ಹಾಗೇ ಇತ್ತು.

ಅವರು ಒಳಗೆ ಬಂದು ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಮಾತು ಸಿಗುತ್ತಿತ್ತು.

ನಾನು ಇನ್ನೊಂದು ಪ್ರಯತ್ನ ಮಾಡಿದೆ. ಕಲ್ಲು ಇದ್ದವು, ನಿಜ. ನಾನೇ ಎಲ್ಲವನ್ನೂ ಸರಿಸಿ, ಓದಿ, ಮತ್ತೆ ಹಾಗೆಯೇ ಜೋಡಿಸಿಟ್ಟೆ, ಬೇರೆಯವರ ಸಾಮಾನು ಕದಲಿಸಬಾರದು ಎಂಬುದು ನಮ್ಮ ಕೆಲಸದ ಶಿಸ್ತು ಎಂದೆ.

“ಅಣ್ಣಾರ,” ಎಂದಳು ಮಾಯವ್ವ. ಅವಳ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಕಷ್ಟ. “ನಿಮ್ಮ ಮೊಣಕಾಲ ನಮ್ಮ ಹೊಸ್ತಲಾ ದಾಟಾಕ ಕೇಳವಲ್ದು. ಕಲ್ಲ ಎಲ್ಲಿಂದ ಎತ್ತತೀರಿ?”

ಕುರ್ಚಿಯಲ್ಲಿ ಕೂತ ನನಗೆ ಆಗ ನನ್ನ ಪುಸ್ತಕ ಬಲು ಭಾರವಾಗಿ ಕಂಡಿತು.

ನಮ್ಮ ಕೆಲಸದಲ್ಲಿ ಒಂದು ರೂಢಿಯಿದೆ. ಗೇಟು ಹಾಕಿದ್ದರೆ, ನಾಯಿ ಬಿಟ್ಟಿದ್ದರೆ, ಮುಚ್ಚಳ ತೆಗೆಯಲು ಆಗದಿದ್ದರೆ, ಅಂಚಿನಲ್ಲಿ ‘ಕೀಲಿ’ ಎಂದು ಬರೆದು ಹಿಂದಿನ ತಿಂಗಳುಗಳ ಸರಾಸರಿ ಸೇರಿಸಿ ಹಾಕಬೇಕು. ಅದು ತಪ್ಪಲ್ಲ, ಎಲ್ಲ ಮೀಟರಿನವರೂ ಮಾಡುತ್ತಾರೆ. ‘ಕೀಲಿ’ ಎಂದು ಬರೆದರೆ ನೋಡುವವರಿಗೆ ಇದು ಅಂದಾಜು ಎಂದು ಗೊತ್ತಾಗುತ್ತದೆ, ಮುಂದಿನ ಸಲ ನಿಜವಾದ ಅಂಕಿ ಬಂದಾಗ ಎಲ್ಲ ಸರಿಹೋಗುತ್ತದೆ. ಆದರೆ ನನ್ನ ಪುಸ್ತಕದಲ್ಲಿ ‘ಕೀಲಿ’ ಎಂಬ ಮಾತೇ ಇಲ್ಲ. ಗುರುಪುತ್ರಪ್ಪನಿಗೆ ತೆರೆಯದ ಗೇಟು ಇಲ್ಲ ಎಂದು ಕಚೇರಿಯಲ್ಲಿ ಹೆಸರಾಗಿತ್ತು. ಅಂಚು ಖಾಲಿ ಇಟ್ಟು, ಅಂದಾಜನ್ನೇ ಮುತ್ತಿನ ಅಕ್ಷರದಲ್ಲಿ ಬರೆದೆ.

ಆ ಮನೆಗೆ ತಿಂಗಳಿಗೆ ಹದಿನೆಂಟು ಎಂದು ಸೇರಿಸುತ್ತ ಬಂದಿದ್ದೆ. ಅವರು ಹದಿನೆಂಟಕ್ಕಿಂತ ಚೂರು ಹೆಚ್ಚು ಬಳಸಿದರು. ತಿಂಗಳಿಗೆ ಏಳೆಂಟು ನೂರು ಲೀಟರ್. ಗಿಡಕ್ಕೆ ಇನ್ನೊಂದು ಬಕೆಟ್, ನೆಂಟರಿಗೆ ಇನ್ನೊಂದು ತಂಬಿಗೆ. ಬೀಗದ ಮನೆಯ ಆರು ಸಾವಿರ ಲೀಟರ್ ಹನ್ನೊಂದು ದಿನದಲ್ಲಿ ಹರಿದದ್ದಲ್ಲ. ಎಂಟು ತಿಂಗಳು, ಹಾಡುಹಗಲಿನಲ್ಲಿ, ಮನೆಯವರೆಲ್ಲ ನಗುತ್ತ ಉಣ್ಣುತ್ತ ಇದ್ದಾಗ ಹರಿದದ್ದು. ಆ ನೀರನ್ನೆಲ್ಲ ಕೂಡಿಸಿ ನಾನು ಈ ಹೆಂಗಸಿನ ತಲೆಯ ಮೇಲೆ ಒಮ್ಮೆಲೇ ಸುರಿದಿದ್ದೆ.

ಇದೆಲ್ಲ ನನ್ನ ಮನಸ್ಸಿನಲ್ಲಿ ಓಡುತ್ತಿತ್ತು. ಬಾಯಿ ಮುಚ್ಚಿಯೇ ಇತ್ತು.

ದಾನೇಶ್ವರಿ ಗೋಡೆಗೆ ಒರಗಿ ನಿಂತು ಯೋಚಿಸುತ್ತಿದ್ದರು. ಆಮೇಲೆ ನಿಧಾನವಾಗಿ, ದಾರ ಬಿಚ್ಚುವಂತೆ ಹೇಳಿದರು. ಆ ಅಂಕಿ ಸುಳ್ಳಾದರೆ ಬೀಗದ ಮನೆಯಲ್ಲಿ ಯಾರೂ ಇರಲಿಲ್ಲ. ಸಾಬೂನು ಹೇಳಿದ್ದೇ ಖರೇ. ಯಾರೂ ಇರಲಿಲ್ಲ ಎಂದರೆ ದುಂಡಪ್ಪನವರು ಮನೆಗೆ ಬರಲೇ ಇಲ್ಲ. ಅವರು ರೈಲು ಹತ್ತಿ ಬೆಳಗಾವಿಗೆ ಬಂದರು ಎಂಬ ವಿನಯನ ಮಾತಿಗೆ ಈ ಅಂಕಿಯೊಂದೇ ಊರುಗೋಲು. ರೈಲಿನಲ್ಲಿ ಅವರನ್ನು ಕಂಡವರು ಒಬ್ಬರೂ ಇಲ್ಲ.

“ಅಪ್ಪನ್ನ ಕಡೀಕ ಕಂಡಂವ ಮಗಾ,” ಎಂದರು. “ಅವನ ಮಾತ ನಾವು ನಂಬಿದ್ದು ಕಾಕಾನ ಮೀಟರ್ ನಂಬಿ.”

ವಿನಯನಿಗೆ ಫೋನು ಮಾಡಿದರು. ಅವನ ಫೋನು ಬಂದ್ ಆಗಿತ್ತು. ಅದೇ ಊರಿನಲ್ಲಿ, ನಾಲ್ಕು ಓಣಿ ಆಚೆ ತವರುಮನೆಯಲ್ಲಿದ್ದ ಶಿವಲಿಂಗವ್ವನಿಗೆ ಮಾಡಿದರು. ಮಗ ಎಲ್ಲಿ ಎಂದು ಕೇಳಿದರು.

ಆ ತಾಯಿಯ ಧ್ವನಿ ಫೋನಿನಲ್ಲಿ ಬಹಳ ದಣಿದಿತ್ತು. ವಿನಯ ಜಾಂಬೋಟಿಯ ಗದ್ದೆಗೆ ಹೋಗಿದ್ದಾನೆ ಎಂದರು. ದಿನಾಲೂ ಹೋಗುತ್ತಾನಂತೆ. ಗದ್ದೆಯ ಮನೆಯಲ್ಲಿ ಆಳುಗಳಿದ್ದಾರೆ ಎಂದು ಬುತ್ತಿ ಕಟ್ಟಿಸಿಕೊಂಡು ಒಯ್ಯುತ್ತಾನಂತೆ.

ಕೊಯ್ಲು ನಡೆದಿದೆಯೇ ಎಂದು ದಾನೇಶ್ವರಿ ಕೇಳಿದರು.



“ಕೊಯ್ಲ ದೀಪಾವಳಿಗೇ ಮುಗದೈತ್ರಿ,” ಎಂದರು ಶಿವಲಿಂಗವ್ವ. “ಬುತ್ತಿ ಯಾರಿಗೆ ಅಂತ ನಾನೂ ಕೇಳಿಲ್ಲ. ಕೇಳಾಕ ಅಂಜಿಕಿ ಬಂತು. ಖಾರ ಹಾಕಬ್ಯಾಡ ಅಂತಾನ. ಅವರಪ್ಪಗ ಖಾರ ನಡಿಯೂದಿಲ್ಲರಿ.”

ದಾನೇಶ್ವರಿ ಫೋನನ್ನು ಜೇಬಿಗೆ ಹಾಕಿದರು. ಮಾಯವ್ವ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. 

ಜಾಂಬೋಟಿ ಅಲ್ಲಿಂದ ಅರ್ಧ ತಾಸಿನ ದಾರಿ. ದಾಟಿದರೆ ಕಾಡು, ಆಚೆಗೆ ಗೋವಾ. ಆದರೆ ದಾನೇಶ್ವರಿಯವರಿಗೆ ಇದ್ದ ಆದೇಶ ಮಾಯವ್ವನನ್ನು ಕರೆತರುವುದು. ವಿನಯನ ಗದ್ದೆಗೆ ನುಗ್ಗುವುದಲ್ಲ. ನಿನ್ನೆ ನಾನು ಹತ್ತು ಜನರ ಎದುರಿಗೆ ಹೇಳಿದ ಅಂಕಿ ಈಗ ಸಾಹೇಬರ ಮೇಜಿನ ಮೇಲಿತ್ತು. ಅದು ಅಲ್ಲಿರುವ ತನಕ ಕಲ್ಲಿನ ರಾಶಿಯ ಕತೆ ಒಬ್ಬ ಆರೋಪಿಯ ಮಾತು, ಗೌಂಡಿಯದು ಅವಳ ಪರಿಚಯದವನ ಮಾತು. ಆ ಅಂಕಿಯನ್ನು ಅಳಿಸಬಲ್ಲವನು ಬರೆದವನೊಬ್ಬನೇ.

ಅವರು ಒಂದು ಬಿಳಿ ಹಾಳೆ, ಪೆನ್ನು ನನ್ನ ತೊಡೆಯ ಮೇಲಿಟ್ಟರು.

“ಬರೀರಿ ಕಾಕಾ. ಬರದದ್ದನ್ನ ಇಲ್ಲಿಂದನ ಫೋಟೋ ತಗದು ಸಾಹೇಬ್ರಿಗೆ ಕಳಸ್ತೀನಿ. ನಿಮ್ಮ ನೌಕರಿ ಹೋಗೂದು ಹೋಗತೈತಿ, ನಾ ಸುಳ್ಳ ಹೇಳೂದಿಲ್ಲ. ಗದ್ದಿ ಮನ್ಯಾಗ ಆ ಮನಷ್ಯಾ ಇನ್ನೂ ಉಸರಾಡಾಕತ್ತಿದ್ರ, ನೀವು ತಡಾ ಮಾಡಿದಷ್ಟೂ ಅವರಿಗೆ ತಡಾ.”

ನಾನು ಪೆನ್ನಿನ ಮುಚ್ಚಳ ತೆಗೆದೆ. ಮತ್ತೆ ಹಾಕಿದೆ.

ಒಂದು ಉಪಾಯ ಹೊಳೆಯಿತು. ನನ್ನ ತಲೆ ಅಂಥದು. ಕಣ್ಣಿನ ಪೊರೆ, ಇಪ್ಪತ್ನಾಲ್ಕು ಹದಿನೆಂಟರಂತೆ ಕಂಡಿತು ಎಂದು ಬರೆಯಬಹುದು. ಅರ್ಧ ಮರ್ಯಾದೆ ಉಳಿಯುತ್ತಿತ್ತು. ಆದರೆ ಉಳಿದರ್ಧ ಸುಳ್ಳು ಮಾಯವ್ವನ ತಲೆಯ ಮೇಲೆಯೇ ಕೂಡುತ್ತಿತ್ತು. ಯಾರಾದರೂ ಒಬ್ಬ ವಕೀಲ ಬಂದು, ಮುಚ್ಚಳ ತೆಗೆದದ್ದಂತೂ ನಿಜ ತಾನೇ ಎಂದು ಕೇಳಿದರೆ ಸಾಕು.

ತಲೆ ಎತ್ತಿದೆ. ಮಾಯವ್ವ ನನ್ನನ್ನು ಬೇಡಿಕೊಳ್ಳುತ್ತಿರಲಿಲ್ಲ. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ನನ್ನ ಕುರ್ಚಿಯ ಪಕ್ಕ ಇಟ್ಟಳು. ಮನೆಗೆ ಬಂದವರಿಗೆ ಕೊಡುವಂತೆ.

“ಮೂರನೇ ತಾರೀಖ ನಾ ಆ ಮನಿಗೆ ಹೋಗಿಲ್ಲರಿ,” ಎಂದೆ. ಧ್ವನಿ ನನ್ನದು ಎನ್ನಿಸಲಿಲ್ಲ, ಬಹಳ ಸಣ್ಣದಿತ್ತು. “ಗೇಟಿನ ತನಕಾನೂ ಹೋಗಿಲ್ಲ. ಚಹಾದಂಗಡ್ಯಾಗ ಕುಂತ ಬರದೆ. ಕಪ್ಪಿ ಇರಲಿಲ್ಲ.”

“ಮತ್ತ ಖರೇ ಯಾವಾಗ ನೋಡಿದ್ರಿ?”

“ಮಾರ್ಚದಾಗ. ಆ ದಿನ ಗುಂಡಿ ಮುಂದ ಕುಂತಂವಗ ಏಳಾಕ ಬರಲಿಲ್ಲ. ದುಂಡಪ್ಪನವರು ನನ್ನ ಕೈ ಹಿಡದ ಎಬ್ಬಿಸಿದ್ರು. ಯಾರಿಗೂ ಹೇಳಬ್ಯಾಡ್ರಿ ಅಂದೆ. ಅವರು ಹೇಳಲಿಲ್ಲ.”

ಜೀಪಿನ ಚಾಲಕ ಎಂಜಿನ್ ಚಾಲೂ ಮಾಡಿದ್ದು ಕೇಳಿಸಿತು.

“ನಿಮ್ಮ ಪುಸ್ತಕದಾಗ ಎಷ್ಟ ಮನಿ ಅದಾವು?” ಎಂದರು ದಾನೇಶ್ವರಿ.

“ನಾಲ್ಕ ನೂರಾ ಹನ್ನೆರಡು.”

“ಮಾರ್ಚದ ಮ್ಯಾಲ ಬಗ್ಗಿ ನೋಡಿದ್ದು?”

ನಾನು ಎಣಿಸಿದೆ. ಹೆಚ್ಚು ಮಾಡಲಿಲ್ಲ, ಕಡಿಮೆ ಮಾಡಲಿಲ್ಲ.

“ಗ್ವಾಡಿಗೆ ಎತ್ತರದಾಗ ಹಚ್ಚಿದ ಹತ್ತೊಂಬತ್ತ ಮೀಟರ್ ನಿಂತ ಓದೇನಿ. ಬಗ್ಗಿ ನೋಡಿದ್ದು ಒಂದೂ ಇಲ್ಲ,” ಎಂದು ಹೇಳಿ, ಹಾಳೆಯನ್ನು ಮೊಣಕಾಲ ಮೇಲೆ ಸರಿಯಾಗಿ ಇಟ್ಟುಕೊಂಡು ಅದನ್ನೇ ಬರೆಯತೊಡಗಿದೆ.